ಗುಡ್ಡ ಬೋಳಾದ ವರ್ಷ ತುಂಬಿದ ಕೆರೆ

ನನ್ನ ನೌಕರಿಯಲ್ಲಿ ನಾನು ಬರೆದ ಅತ್ಯಂತ ಕೆಟ್ಟ ಕಾಗದ ಅರ್ಧ ಪುಟದಷ್ಟಿತ್ತು. ಅಕ್ಷರ ದುಂಡಗಿದ್ದವು, ಕಾಟು ಹಾಕಿದ್ದು ಒಂದೂ ಇರಲಿಲ್ಲ. ಮೇಲಿನವರು ಓದಿ ಮೆಚ್ಚಿಕೊಂಡರು. ಆ ಕಾಗದದಿಂದಾಗಿ ಒಂದು ಕೆರೆ ಒಡೆಯುವ ಹಂತಕ್ಕೆ ಬಂತು, ಒಬ್ಬ ರೈತನ ಹೊಲ ಹೋಯಿತು. ಕೆರೆ, ಹಳ್ಳಗಳ ಕೆಲಸಕ್ಕೆ ಈಗ ಸೇರುತ್ತಿರುವವರು ಲಕ್ಷ್ಮೇಶ್ವರದ ನನ್ನ ಮನೆಗೆ ಆಗಾಗ ಬಂದು, "ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳುತ್ತಾರೆ. ಅವರಿಗೆ ಈ ಸಂಗತಿಯನ್ನು ಬಿಡಿಬಿಡಿಯಾಗಿ ಹೇಳಿದ್ದೇನೆ. ಒಟ್ಟಿಗೆ ಬರೆಯುತ್ತಿರುವುದು ಇದೇ ಮೊದಲು.

ನನ್ನ ಹೆಸರು ಇಮಾಮಸಾಬ. ಅಪ್ಪ ಬಾವಿಗಳಿಗೆ ಕಲ್ಲು ಕಟ್ಟುವ ಗೌಂಡಿ. ನಾನು ನಾಲ್ಕಕ್ಷರ ಮರಾಠಿ ಕಲಿತಿದ್ದೆ. ಆಗ ಲಕ್ಷ್ಮೇಶ್ವರ, ಶಿರಹಟ್ಟಿಗಳು ಮರಾಠಾ ಸಂಸ್ಥಾನಗಳ ಆಳ್ವಿಕೆಯಲ್ಲಿದ್ದವು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಚೇರಿಯ ಭಾಷೆ ಮರಾಠಿ. ಸ್ವಾತಂತ್ರ್ಯ ಬರುವ ಸ್ವಲ್ಪ ಮೊದಲು ಶಿರಹಟ್ಟಿಯಲ್ಲಿ ಕೆರೆ ಮೇಸ್ತ್ರಿಯಾಗಿ ಸೇರಿದೆ. ಊರು ಬಿಟ್ಟು ಎಲ್ಲಿಗೂ ಹೋಗದೆ ಮೂರು ಸರಕಾರಗಳ ನೌಕರಿ ಮಾಡಿದೆ: ಮೊದಲು ಸಂಸ್ಥಾನ, ಆಮೇಲೆ ಮುಂಬಯಿ, ಕೊನೆಗೆ ಏಕೀಕರಣವಾದ ಮೇಲೆ ಮೈಸೂರು.

ಕೆರೆ ಮೇಸ್ತ್ರಿಯ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಕೆರೆಯ ಏರಿ ಸೀಳಿದೆಯೇ, ನೀರು ಬಿಡುವ ತೂಬು ಸರಿಯಿದೆಯೇ, ಹೆಚ್ಚಾದ ನೀರು ಹೊರಬೀಳುವ ಕೋಡಿ ಚೊಕ್ಕವಿದೆಯೇ ಎಂದು ನೋಡುವುದು. ತೂಬಿನ ಹತ್ತಿರ ನಿಲ್ಲಿಸಿದ ಅಳತೆಗಂಬದಲ್ಲಿ ನೀರು ಎಷ್ಟನೆಯ ಗೀಟಿಗಿದೆ ಎಂದು ವಾರಕ್ಕೊಮ್ಮೆ ಬರೆಯುವುದು. ಮಳೆ ಬಿದ್ದ ದಿನ ಮಳೆಮಾಪಕದ ಡಬ್ಬಿಯನ್ನು ಅಳೆಯುವುದು. ನನ್ನ ಪಾಲಿಗೆ ಬಂದ ಕೆರೆಗಳಲ್ಲಿ ದೊಡ್ಡದು ಕಪ್ಪತಗುಡ್ಡದ ಬುಡದ ನೀರಲಕೊಪ್ಪದ್ದು. ಗುಡ್ಡದ ಎರಡು ಮೈಗಳಿಂದ ಇಳಿದ ಹಳ್ಳ ಒಂದಾಗಿ ಆ ಕೆರೆಗೆ ಬೀಳುತ್ತಿತ್ತು. ಏರಿಯ ಕೆಳಗೇ ಊರು. ಊರಾಚೆ ಭತ್ತದ ಗದ್ದೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಹೊಲಗಳು.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಏರಿಯ ಮೇಲೆ ನಿಂತೇ ಅಳತೆಗಂಬವನ್ನು ನೋಡಿ ಗೀಟು ಬರೆದುಕೊಳ್ಳುತ್ತಿದ್ದೆ. ಎರಡು ತಿಂಗಳು ಕೆರೆ ಒಂದಿಷ್ಟೂ ಇಳಿಯಲಿಲ್ಲ. ಬೇಸಿಗೆಯಲ್ಲೂ ಇಳಿಯದ ಕೆರೆ ಎಂದು ಹೆಮ್ಮೆಯಿಂದ ಕಚೇರಿಯಲ್ಲಿ ಹೇಳಿದೆ. ಊರಿನ ನೀರಗಂಟಿ ಹನುಮಪ್ಪ, ಅಂದರೆ ತೂಬು ತೆರೆದು ಹೊಲಗಳಿಗೆ ನೀರು ಹಂಚುವವನು, ಒಂದು ದಿನ ನನ್ನನ್ನು ಕೈ ಹಿಡಿದು ನೀರಿನವರೆಗೆ ಇಳಿಸಿದ.

"ಮೇಸ್ತ್ರಿ, ಎಮ್ಮಿ ಮೈ ತಿಕ್ಕಿ ತಿಕ್ಕಿ ಕಂಬ ಮಲಗಸ್ಯಾವು ನೋಡ್ರಿ. ಕೆರಿ ಇಳದಂಗ ಕಂಬಾನೂ ಇಳದೈತಿ."

ಕಂಬ ಅರ್ಧ ವಾಲಿತ್ತು. ಅಂದಿನಿಂದ ನೀರಿಗೆ ಕಾಲಿಡದೆ ಗೀಟು ಬರೆಯಲಿಲ್ಲ. ಅಷ್ಟರಿಂದಲೇ ಕೆಲಸ ಕಲಿತೆನೆಂದು ತಿಳಿದಿದ್ದೆ.

ಸಂಸ್ಥಾನದ ಕಾಲದಲ್ಲಿ ಗುಡ್ಡಕ್ಕೆ ಕಾವಲುಗಾರರಿದ್ದರು. ಗುಡ್ಡ ಎಂದರೆ ಎತ್ತರದ ಮರಗಳ ಕಾಡಲ್ಲ; ಬಂದರಿಕೆ, ತಂಗಡಿ, ಕವಳಿ ಪೊದೆಗಳು, ನಡುವೆ ಮೊಣಕಾಲೆತ್ತರದ ಬಾದಿ ಹುಲ್ಲು. ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾದಾಗ ಹಳೆಯ ಕಾವಲುಗಾರರು ಮನೆಗೆ ಹೋದರು. ಹೊಸ ಕಾವಲುಗಾರರು ಬರಲು ಬಹಳ ತಡವಾಯಿತು. ಅದೇ ಹೊತ್ತಿಗೆ ನಿಜಾಮನ ಸೀಮೆಯ ಗಲಾಟೆಗೆ ಹೆದರಿದ ಜನ ಗಡಿ ದಾಟಿ ಮುಂಡರಗಿಯ ಕಡೆ ಬಂದಿದ್ದರು. ಅವರಿಗೆ ಒಲೆ ಹಚ್ಚಲು ಕಟ್ಟಿಗೆ ಬೇಕಿತ್ತು. ಗದಗ-ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಕಾಸುವವರಿಗೂ ಬೇಕಿತ್ತು. ಗಾಡಿಯ ಮೇಲೆ ಗಾಡಿ ಇಳಿದವು. ಆ ತಿಂಗಳುಗಳಲ್ಲಿ ನನ್ನ ಹೆಸರು ಕೇಳಿದವರು ನನ್ನ ಮುಖವನ್ನು ಎರಡೆರಡು ಸಲ ನೋಡುತ್ತಿದ್ದರು. ಹೀಗಾಗಿ ಗುಡ್ಡಕ್ಕೆ ಒಬ್ಬನೇ ಹೋಗಿ ಯಾರನ್ನಾದರೂ ತಡೆಯುವ ಧೈರ್ಯ ನನಗಿರಲಿಲ್ಲ. ತಡೆಯುವುದು ನನ್ನ ಕೆಲಸವೂ ಅಲ್ಲ ಎಂದುಕೊಂಡೆ. ನನ್ನದು ಕೆರೆ, ಗುಡ್ಡ ಬೇರೆಯವರದು. ಒಂದು ಬೇಸಿಗೆಯಲ್ಲಿ ಗುಡ್ಡದ ಪಡುವಣ ಮೈ ಬೋಳಾಯಿತು. ಬೇರನ್ನೂ ಅಗೆದು ಇದ್ದಿಲು ಸುಟ್ಟರು.

ಆ ವರ್ಷ ಕೆರೆ ತುಂಬಿತು. ಹುಬ್ಬಿ ಮಳೆಯ ಒಂದೇ ಹೊಡೆತಕ್ಕೆ, ಬೆಳಗಿನಿಂದ ಮಧ್ಯಾಹ್ನದೊಳಗೆ, ಅಳತೆಗಂಬ ಮುಳುಗಿ ಕೋಡಿ ಹರಿಯಿತು. ಅದಕ್ಕಿಂತ ಹೆಚ್ಚಿನ ಮಳೆಗೂ ಅರ್ಧ ಏರದ ಕೆರೆ ಅದು. ಊರಿನ ಹೆಂಗಸರು ಬಾಗಿನ ತಂದರು. ಕೆರೆ ಕಾಲುವೆಯ ಕೊನೆಯ ಹೊಲಗಳ ರೈತ ವೀರನಗೌಡ ನನ್ನ ಬೆನ್ನಿಗೆ ಗುದ್ದಿ, "ಸ್ವಾತಂತ್ರ್ಯದ ನೀರು ನೋಡಪಾ ಇದು! ನನ್ನ ಹೊಲದ ಮಟಾ ಬಂತು!" ಎಂದ. ಅವನಿಗೆ ಆಗ ನಲವತ್ತರ ಆಸುಪಾಸು. ಗಟ್ಟಿ ದನಿಯ, ಗಟ್ಟಿ ಕೈಯ ಮನುಷ್ಯ. ಅವನ ಹೊಲಕ್ಕೆ ಹಿಂದೆ ಐದು ವರ್ಷಕ್ಕೊಮ್ಮೆ ಕೆರೆಯ ನೀರು ಮುಟ್ಟಿದರೆ ಹೆಚ್ಚು.

ನಮ್ಮ ಮೇಲಧಿಕಾರಿ ಸಾಠೆ ಸಾಹೇಬರು ಗದಗದಲ್ಲಿದ್ದರು. ಶಿಸ್ತಿನ ಮನುಷ್ಯ, ಕಡಿಮೆ ಮಾತು. ಅವರಿಗೆ ನಾನು ಆ ಅರ್ಧ ಪುಟದ ಕಾಗದ ಬರೆದೆ. ಪಡುವಣ ಮೈಯ ಪೊದೆಗಳನ್ನು ತೆಗೆದಿದ್ದರಿಂದ ಕೆರೆಗೆ ನೀರಿನ ಬರವು ಹೆಚ್ಚಿದೆ. ಮೂಡಣ ಮೈಯನ್ನೂ ತೆರವು ಮಾಡಿದರೆ ಕೆರೆ ಪ್ರತಿ ವರ್ಷ ತುಂಬಬಹುದು ಎಂದು. ಸಾಹೇಬರು ಸಹಿ ಹಾಕಿ ಮೇಲೆ ಕಳಿಸಿದರು. ಮರು ಬೇಸಿಗೆ ಮೂಡಣ ಮೈಯ ಕಟ್ಟಿಗೆ ಕಡಿಯಲು ಪರವಾನಗಿ ಬಂತು.

ಆ ಬೇಸಿಗೆಯಲ್ಲಿ ಒಬ್ಬಳು ನನಗೆ ಎಚ್ಚರ ಹೇಳಿದಳು. ಬಾಳವ್ವ ಎಂಬ ವಿಧವೆ. ಕೆರೆಯ ಮೇಲುಗಡೆ, ಗುಡ್ಡದ ಬುಡದಲ್ಲಿ ಅವಳ ಹೊಲ. ಅಲ್ಲೊಂದು ಮೆಟ್ಟಿಲು ಬಾವಿ. ಕೆರೆ ನೋಡಲು ಹೋದವನನ್ನು ಕರೆದು ಬಾವಿಯ ಬಾಯಿಗೆ ನಿಲ್ಲಿಸಿದಳು.

"ಎಣಸ್ರಿ, ಎಷ್ಟ ಮೆಟ್ಲು ಕಾಣತಾವು?"

ಎಣಿಸಿದೆ. ತಳದ ಕಲ್ಲಿನವರೆಗೂ ಕಾಣುತ್ತಿದ್ದವು.

"ಹ್ವಾದ ವರ್ಷ ಇದ ದಿನಕ್ಕ ಹತ್ತ ಮೆಟ್ಲು ನೀರಾಗಿದ್ವು. ಕೆರಿ ತುಂಬಿ ಹರದೈತಿ, ನನ್ನ ಬಾವಿ ಯಾಕ ಬತ್ತೇತಿ ಹೇಳ್ರಿ ಮೇಸ್ತ್ರಿ?"

"ಬಾವಿ ಹಳೇದಾಗೇತವ್ವಾ, ಹೂಳು ತಗಸು," ಎಂದೆ.

"ಹೂಳು ನಾನ ತಗದೀನಿ. ಗುಡ್ಡ ಕುಡೀಲಿಲ್ಲ ಅಂದ್ರ ಬಾವಿಗೆ ಎಲ್ಲಿಂದ ಬರಬೇಕು? ನೀರು ಮ್ಯಾಲಿಂದ ಮ್ಯಾಲ ಓಡಿ ಹೋತು."

ಗೌಂಡಿಯ ಮಗ ನಾನು, ಬಾವಿಯ ಮಾತು ನನಗೆ ತಿಳಿಯಬೇಕಿತ್ತು. ಆದರೆ ಬಾವಿ ನನ್ನ ವಹಿಯಲ್ಲಿರಲಿಲ್ಲ. ನನ್ನ ವಹಿಯಲ್ಲಿದ್ದದ್ದು ಕೆರೆಯ ಗೀಟು ಮಾತ್ರ. ಅವಳಿಗೆ ನಕ್ಕು ಕೈಮುಗಿದು ಬಂದುಬಿಟ್ಟೆ.

ಮುಂದಿನ ಮಳೆಗಾಲದ ಹೊತ್ತಿಗೆ ಗುಡ್ಡದ ಎರಡೂ ಮೈ ಬೋಳು. ಕಡಿದವರು ದಪ್ಪ ಕಟ್ಟಿಗೆ ಒಯ್ದು ಕೊಂಬೆ, ಮುಳ್ಳು, ಬೇರಿನ ಬೊಡ್ಡೆಗಳನ್ನು ಹಳ್ಳದಲ್ಲೇ ಬಿಟ್ಟುಹೋಗಿದ್ದರು. ನಾನು ಅದನ್ನೂ ನೋಡಿದ್ದೆ. ಬರೆದಿರಲಿಲ್ಲ.

ಹಸ್ತ ಮಳೆಯ ದಿನ. ಬೆಳಿಗ್ಗೆ ಹನಿ ಹಿಡಿಯಿತು, ಮಧ್ಯಾಹ್ನಕ್ಕೆ ಸುರಿಯಿತು. ನಾನು ಊರಿನ ಚಾವಡಿಯಲ್ಲಿದ್ದೆ. ಹನುಮಪ್ಪ ಓಡಿ ಬಂದು ಬಾಗಿಲಲ್ಲೇ ನಿಂತು, "ಹಳ್ಳ ಕೆಂಪಗ ಬರಾಕ ಹತ್ತೇತಿ, ಜಲ್ದಿ ಬರ್ರಿ," ಎಂದ. ಏರಿ ಹತ್ತಿ ನೋಡಿದರೆ ಕೆರೆಗೆ ಬರುತ್ತಿದ್ದದ್ದು ನೀರಲ್ಲ, ಕೆಸರು. ಅದರ ಮೇಲೆ ಬೊಡ್ಡೆಗಳು ಉರುಳುತ್ತ ಬರುತ್ತಿದ್ದವು. ನೋಡುತ್ತಿದ್ದಂತೆಯೇ ಅವು ಕೋಡಿಯ ಬಾಯಿಗೆ ಒಂದರ ಮೇಲೊಂದು ಬಿದ್ದು ಸಿಕ್ಕಿಕೊಂಡವು. ಮುಳ್ಳು, ಕೊಂಬೆಗಳು ಅದಕ್ಕೆ ಹೆಣೆದುಕೊಂಡವು. ಹತ್ತು ಮಂದಿ ಹಗ್ಗ ಕಟ್ಟಿ ಎಳೆದರೂ ಕದಲಲಿಲ್ಲ. ಕೋಡಿ ಮುಚ್ಚಿತು. ನೀರು ಏರಿಯ ತಲೆಯ ಕಡೆಗೆ ಬೆರಳು ಬೆರಳಾಗಿ ಏರತೊಡಗಿತು.

"ತೂಬು ತಗೀತೀನಿ," ಎಂದು ಹನುಮಪ್ಪ ಅಂಗಿ ಕಳಚಿದ. ತೂಬಿನ ಬಿರಡೆ ನೀರಿನ ತಳದಲ್ಲಿ. ಎರಡು ಸಲ ಮುಳುಗಿ ಎದ್ದ. ಮೂರನೆಯ ಸಲ ಮೇಲೆ ಬಂದಾಗ ಭುಜದ ಚರ್ಮ ಸುಲಿದಿತ್ತು, ತುಟಿ ನೀಲಿಯಾಗಿತ್ತು. "ಬಿರಡಿ ಸಿಗವಲ್ದು. ಹೂಳಿನಾಗ ಮುಚ್ಚಿ ಹೋಗೇತಿ. ನನ್ನ ಎದಿಮಟ ಹೂಳು," ಎಂದ. ಆಗ ನನಗೆ ಹೊಳೆಯಿತು: ಕಳೆದ ವರ್ಷ ನಾನು ನೀರೆಂದು ಬರೆದ ಗೀಟುಗಳಲ್ಲಿ ಎಷ್ಟೋ ಭಾಗ ಮಣ್ಣಾಗಿತ್ತು. ಮೇಲಿನ ಗೀಟು ನೋಡಿದ್ದೆ, ತಳ ಎಲ್ಲಿದೆ ಎಂದು ನೋಡಿರಲಿಲ್ಲ.

ಏರಿಯ ನಡುಭಾಗದಲ್ಲಿ, ಊರಿನ ಕಡೆಯ ಇಳಿಜಾರಿನಲ್ಲಿ, ಮಣ್ಣು ಬೆವರತೊಡಗಿತು. ಈ ಕೆಲಸದಲ್ಲಿರುವವರಿಗೆ ಅದರ ಅರ್ಥ ಗೊತ್ತು: ನೀರು ಒಳಗೇ ದಾರಿ ಮಾಡಿಕೊಂಡಿದೆ, ಏರಿ ಒಡೆಯಲಿದೆ. ಕೆಳಗೆ ಊರಿನಲ್ಲಿ ಹೊಗೆ ಏಳುತ್ತಿತ್ತು, ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಉಳಿದದ್ದು ಒಂದೇ ದಾರಿ: ಊರಿನಿಂದ ದೂರ, ಏರಿಯ ಬಡಗಣ ತುದಿಯನ್ನು ನಾವೇ ಕಡಿದು ನೀರು ಬಿಡುವುದು. ಆ ತುದಿಯ ಕೆಳಗೆ ವೀರನಗೌಡನ ಹೊಲ. ಮೇಲಾಗಿ, ಬರಹದ ಅಪ್ಪಣೆಯಿಲ್ಲದೆ ಯಾವ ಏರಿಯನ್ನೂ ಕಡಿಯಕೂಡದೆಂದು ನಿಯಮ. ಸಾಹೇಬರಿದ್ದದ್ದು ಗದಗದಲ್ಲಿ.

"ಹೇಳ್ರಿ ಮೇಸ್ತ್ರಿ," ಎಂದ ಹನುಮಪ್ಪ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನಗೆ ಇಪ್ಪತ್ತೈದೂ ತುಂಬಿರಲಿಲ್ಲ. "ಊರ ಖಾಲಿ ಮಾಡಸ್ರಿ. ಸನಿಕಿ, ಗುದ್ದಲಿ ತರ್ರಿ," ಎಂದೆ.

ನಾವು ತುದಿ ಮುಟ್ಟುವ ಮೊದಲೇ ವೀರನಗೌಡ ಅಲ್ಲಿ ಬಂದು ಏರಿಯ ಮೇಲೆ ಅಂಗಾತ ಮಲಗಿದ್ದ.

"ನನ್ನ ಕಡದು ಆಮ್ಯಾಲೆ ಮಣ್ಣ ಕಡೀರಿ."

"ಗೌಡ್ರ, ಊರ ಹೋಗತೈತಿ. ಏಳ್ರಿ."

"ಊರಂದ್ರ ನಾನಲ್ಲೇನು? ಮೂವತ್ತ ವರ್ಷ ಕೂಡಿಸಿದ ಮಣ್ಣೈತಿ ಆ ಹೊಲದಾಗ. ನಮ್ಮಪ್ಪ ಬುಟ್ಟಿಲೆ ಹೊತ್ತು ಹಾಕಿದ್ದು."

ಮಾತಾಡುವ ಹೊತ್ತಲ್ಲ. ಹನುಮಪ್ಪನ ಇಬ್ಬರು ತಮ್ಮಂದಿರು ಅವನ ತೋಳು ಹಿಡಿದು ಎತ್ತಿದರು. ಅವನು ಒದ್ದ, ಕಚ್ಚಿದ. ನಾನು ಗುದ್ದಲಿ ತೆಗೆದುಕೊಂಡು ಮೊದಲ ಪೆಟ್ಟು ಹಾಕಿದೆ. ಮೊಣಕಾಲಾಳ ಕಡಿಯುವಷ್ಟರಲ್ಲಿ ನೀರೇ ಉಳಿದದ್ದನ್ನು ಕಡಿಯಿತು. ನಾವು ಹಿಂದೆ ಹಾರಿದೆವು. ಕೆಂಪು ನೀರು ಬಾಯಿ ತೆರೆದು ಕೆಳಗಿಳಿಯಿತು. ಹಿಡಿದವರು ಕೈ ಬಿಟ್ಟರೂ ವೀರನಗೌಡ ಅಲ್ಲಿಂದ ಹೋಗಲಿಲ್ಲ. ಕುಕ್ಕರಗಾಲಲ್ಲಿ ಕೂತು ನೋಡಿದ. ಮೊದಲು ಮೆಣಸಿನ ಗಿಡ ಹೋದವು, ಆಮೇಲೆ ಬದು, ಆಮೇಲೆ ಮಣ್ಣು. ಸಂಜೆ ನೀರಿಳಿದಾಗ ಹೊಲದಲ್ಲಿ ಹಾಸುಗಲ್ಲು ಕಾಣುತ್ತಿತ್ತು. ಊರು ಉಳಿಯಿತು. ಒಂದು ಕರುವೂ ಸಾಯಲಿಲ್ಲ.

ಮೂರನೆಯ ದಿನ ಸಾಠೆ ಸಾಹೇಬರು ಜೀಪಿನಲ್ಲಿ ಬಂದರು. ಏರಿ ಕಡಿದದ್ದಕ್ಕೆ ಬಯ್ಯಲಿಲ್ಲ. ಎಲ್ಲ ನೋಡಿ, ಏರಿಯ ಮೇಲೆ ನಿಂತು ಮರಾಠಿಯಲ್ಲಿ ಹೇಳಿದರು: "ಹಿಂದೆಂದೂ ಬೀಳದಂಥ ಮಳೆಯಿಂದ ಆದದ್ದು ಎಂದು ವರದಿ ಬರೆ." ನಾನು ಗುಡ್ಡದ ಕಡೆ ನೋಡಿದೆ. ಅವರಿಗೆ ತಿಳಿಯಿತು. "ಗುಡ್ಡದ ವಿಷಯ ಬರೆದರೆ ನಿನ್ನ ಹಳೆಯ ಕಾಗದ ಹೊರಗೆ ಬರುತ್ತದೆ. ಅದರ ಕೆಳಗೆ ನನ್ನ ಸಹಿಯೂ ಇದೆ," ಎಂದರು. ಗದರಿಸಿದಂತೆ ಹೇಳಲಿಲ್ಲ. ನನಗಿಂತ ಹೆಚ್ಚು ಅವರಿಗೇ ಹೇಳಿಕೊಂಡಂತಿತ್ತು.

ಬರೆದೆ. ಹಿಂದೆಂದೂ ಬೀಳದಂಥ ಮಳೆ ಎಂದೇ ಬರೆದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಈ ಬರವಣಿಗೆಗೆ ಅರ್ಥವಿಲ್ಲ.

ವರದಿ ಕಳಿಸುವ ಬೆಳಿಗ್ಗೆ ವೀರನಗೌಡ ಶಿರಹಟ್ಟಿಯ ಕಚೇರಿಗೆ ನಡೆದು ಬಂದ. ನಾನು ಕೂರಲು ಹೇಳಿದರೂ ಕೂರಲಿಲ್ಲ.

"ಏನ ಬರದಿ?"

ಮರಾಠಿಯಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ಹಿಂದ ಎಂದೂ ಬೀಳದಂಥಾ ಮಳಿ," ಎಂದು ನಿಧಾನವಾಗಿ ಅಂದ. "ನನ್ನ ಅಂಗಳದಾಗ ಬೆಲ್ಲ ಕಾಸೂ ಕೊಪ್ಪರಗಿ ಐತಿ. ನಮ್ಮವ್ವ ಸತ್ತ ವರ್ಷ ಹಸ್ತ ಮಳಿಗೆ ಅದು ತುಂಬಿ ಚೆಲ್ಲಿತ್ತು. ಮೊನ್ನೆ ಅರ್ಧಾ ಸೈತ ಆಗಿಲ್ಲ. ನಿನ್ನ ಡಬ್ಬಿ ಏನ ಹೇಳತೈತಿ?"

ಮಳೆಯ ವಹಿ ತೆಗೆದೆ. ಸಂಸ್ಥಾನದ ಹಳೆಯ ವಹಿಗಳು ಮೋಡಿ ಎಂಬ ಮರಾಠಿ ಕೈಬರಹದ ಲಿಪಿಯಲ್ಲಿದ್ದವು. ಅದನ್ನು ಓದಬಲ್ಲ ಮುದಿ ಕಾರಕೂನರೊಬ್ಬರು ಪಕ್ಕದಲ್ಲೇ ಇದ್ದರು. ಅವರು ಬೆರಳಿಟ್ಟು ಓದುತ್ತ ಹೋದರು. ಮೊನ್ನೆಯದಕ್ಕಿಂತ ದೊಡ್ಡ ಮಳೆ ಹಲವು ಸಲ ಬಿದ್ದಿತ್ತು. ಪ್ರತಿ ಸಲವೂ ಕೆರೆ ಎರಡು ಮೂರು ದಿನ ತೆಗೆದುಕೊಂಡು, ಗೇಣು ಗೇಣಾಗಿ ಏರಿತ್ತು. ಅರ್ಧ ದಿನದಲ್ಲಿ ತುಂಬಿದ್ದು ಗುಡ್ಡ ಬೋಳಾದ ಮೇಲೆ ಎರಡೇ ಸಲ.

ವೀರನಗೌಡನ ಎದುರಿಗೇ ವರದಿ ಹರಿದೆ. ಅವನು ಹೊರಟುಹೋದ. ಹೊಸದನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು. ಗುಡ್ಡ ಬೋಳಾಗಿದ್ದು, ನೀರು ನಿಲ್ಲದೆ ಓಡಿದ್ದು, ಮಣ್ಣು ಕೊಚ್ಚಿ ಬಂದು ತೂಬು ಮುಚ್ಚಿದ್ದು, ಬಾಳವ್ವನ ಬಾವಿ ಬತ್ತಿದ್ದು, ಕೊನೆಗೆ ಮೂಡಣ ಮೈ ಕಡಿಸಲು ಶಿಫಾರಸು ಮಾಡಿದವನು ನಾನೇ ಎಂಬುದು. ಸಾಹೇಬರ ಮೇಜಿನ ಮೇಲಿಟ್ಟು ನಿಂತೆ. ಓದಿದರು. ಆಮೇಲೆ ಲೇಖನಿ ತೆಗೆದು ಕೆಳಗೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: ಆ ಶಿಫಾರಸನ್ನು ತಾವು ವಿಚಾರಿಸದೆ ಒಪ್ಪಿದ್ದಾಗಿ. ಅಂದಿನಿಂದ ಅವರು ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಗುಡ್ಡ ಮುಚ್ಚುವ ಅಪ್ಪಣೆಯನ್ನು ಅವರೇ ಓಡಾಡಿ ತಂದರು. ಮೇವಿಗೆ ದನ ಬಿಡಕೂಡದು, ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಹೊತ್ತು ತರಬಹುದು, ಪೊದೆ ಮುಟ್ಟಕೂಡದು. ನೋಡಿಕೊಳ್ಳುವ ಹೊಣೆ ನನ್ನದೇ.

ಆ ವರ್ಷಗಳನ್ನು ಉದ್ದ ಮಾಡಿ ಹೇಳುವುದಿಲ್ಲ. ಕಡಿದ ಏರಿಯನ್ನು ಮತ್ತೆ ಕಟ್ಟಿಸಿ, ತೂಬಿನ ಹೂಳು ತೆಗೆಸಿದೆ. ಆಡು ಕಾಯುವವರು ಬೈದರು, ಒಮ್ಮೆ ಕಲ್ಲೂ ಬಿತ್ತು. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಲ್ಲಿನ ಸಾಲು ಹಾಕಿಸಿದೆ; ಅದರ ಹಿಂದೆ ಮೊದಲು ಹುಲ್ಲು, ಆಮೇಲೆ ತಂಗಡಿ ಬಂತು. ಕೆರೆಯ ಜೊತೆಗೆ ಬಾಳವ್ವನ ಬಾವಿಯ ಮೆಟ್ಟಿಲುಗಳನ್ನೂ ಎಣಿಸಿ ಬರೆಯತೊಡಗಿದೆ. ಅದಕ್ಕೆ ವಹಿಯಲ್ಲಿ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದೆ. ಆ ಆರೇಳು ವರ್ಷ ಮಳೆಯೇ ಕಡಿಮೆ, ಯಾರೂ ಏನೂ ಕೇಳಲಿಲ್ಲ.

ಗುಡ್ಡ ಹಸಿರಾದ ವರ್ಷ ಒಳ್ಳೆಯ ಮಳೆ ಬಿತ್ತು. ಕೆರೆ ತುಂಬಲಿಲ್ಲ.

ಅರ್ಧಕ್ಕಿಂತ ತುಸು ಮೇಲೆ ಬಂದು ನಿಂತಿತು. ನಾನು ದಿನಾಲೂ ಹೋಗಿ ಕಂಬ ನೋಡಿದೆ. ಸ್ವಾತಿ ಮಳೆಯೂ ಮುಗಿಯಿತು, ಕೋಡಿ ಒಣಗಿಯೇ ಇತ್ತು. ಕೊನೆಯ ಹೊಲಗಳಿಗೆ ಕಾಲುವೆಯ ನೀರು ಮುಟ್ಟಲೇ ಇಲ್ಲ. ಅದು ಏಕೀಕರಣದ ವರ್ಷ. ಗದಗದಲ್ಲಿ ಮೆರವಣಿಗೆ, ಶಾಲೆಗಳಲ್ಲಿ ಪೇಢೆ. ಸಾಠೆ ಸಾಹೇಬರು ಮುಂಬಯಿ ಕಡೆಗೆ ಹೊರಟುಹೋದರು, ಮೈಸೂರಿನ ಅಧಿಕಾರಿ ಇನ್ನೂ ಬಂದಿರಲಿಲ್ಲ. ಮೇಲೆ ಕೇಳುವವರು ಯಾರೂ ಇಲ್ಲದ ಆ ವಾರಗಳಲ್ಲಿ ಊರಿನ ಮೂವತ್ತು ನಲವತ್ತು ಮಂದಿ ತೂಬಿನ ಹತ್ತಿರ ನನ್ನನ್ನು ಸುತ್ತುವರಿದರು. ಕೈಯಲ್ಲಿ ಬಡಿಗೆ. ಮುಂದೆ ವೀರನಗೌಡ.

"ಬೋಳ ಇದ್ದಾಗ ತುಂಬೂ ಕೆರಿ, ಹಸರಾದ ಮ್ಯಾಲೆ ಯಾಕ ತುಂಬವಲ್ದು? ನೀನ ಓದಿದಾಂವ, ಹೇಳು."

"ಗುಡ್ಡ ಕುಡದೈತ್ರಿ," ಎಂದೆ.

"ಗುಡ್ಡ ಕುಡದು ನಾವೇನ ಮಾಡೂದು? ಮೊದಲ ನನ್ನ ಹೊಲ ಒಯ್ದಿ, ಈಗ ಉಳದ ತುಂಡಿನ ನೀರೂ ಒಯ್ದಿ." ಅವನ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು. "ನಾಳೆ ಹುಲ್ಲಿಗೆ ಬೆಂಕಿ ಹಾಕತೀವಿ. ದನಾ ಬಿಡತೀವಿ. ಅಡ್ಡ ಬಂದ್ರ ನೋಡ್ಕೋ."

ಹಿಂದಿನಿಂದ ಯಾರೋ ನನ್ನ ಸೈಕಲ್ಲನ್ನು ಕೆಡವಿದರು. ನನಗೇ ಸಂಶಯವಿತ್ತು. ಒಂದು ಸಲ ತಪ್ಪು ಶಿಫಾರಸು ಮಾಡಿದವನು ಎರಡನೆಯ ಸಲವೂ ತಪ್ಪಿದ್ದರೆ? ಗುಡ್ಡ ಕುಡಿದ ನೀರು ಬೇರಿನಲ್ಲೇ ಆರಿಹೋಗಿದ್ದರೆ?

ಗುಂಪಿನ ಹಿಂದಿನಿಂದ ಬಾಳವ್ವ ಬಂದಳು. ಹುಲ್ಲಿನ ಹೊರೆ ಇಳಿಸಿ, "ಬೆಂಕಿ ಹಚ್ಚೂದಕ್ಕ ಮೊದಲ ನನ್ನ ಬಾವಿ ನೋಡಿ ಬರ್ರಿ," ಎಂದಳು.

"ನಿನ್ನ ಒಬ್ಬಾಕಿ ಬಾವಿ ತುಂಬಿದ್ರ ಊರ ಹೊಟ್ಟಿ ತುಂಬತೈತೇನು?" ಎಂದ ವೀರನಗೌಡ. ಆದರೆ ಹೋದ. ನಾವೆಲ್ಲ ಹೋದೆವು. ಬಾವಿಯಲ್ಲಿ ಮೇಲಿನ ಮೂರು ಮೆಟ್ಟಿಲು ಬಿಟ್ಟರೆ ಉಳಿದವೆಲ್ಲ ನೀರಿನೊಳಗಿದ್ದವು. ಪಕ್ಕದ ಹಳ್ಳದಲ್ಲಿ, ಮಳೆ ನಿಂತು ತಿಂಗಳಾಗಿದ್ದರೂ, ತಿಳಿನೀರು ಕಲ್ಲಿನ ನಡುವೆ ಹರಿಯುತ್ತಿತ್ತು. ವೀರನಗೌಡ ಹಳ್ಳಕ್ಕಿಳಿದು ನೀರಿಗೆ ಕೈಯಿಟ್ಟ.

"ಇದು ಎಷ್ಟ ದಿನಾ ಹರೀತೈತಿ?"

"ಗೊತ್ತಿಲ್ರಿ," ಎಂದೆ. ಆ ದಿನ ನಾನು ಹೇಳಿದ ಒಂದೇ ಗಟ್ಟಿ ಮಾತು ಅದು.

"ಸಂಕ್ರಾಂತಿಗೆ ನಿಂತಿದ್ರ ನಾನ ಕೈಯಾರೆ ಬೆಂಕಿ ಹಚ್ಚತೀನಿ," ಎಂದು ಗುಂಪಿಗೆ ಹೇಳಿದ. ಬಡಿಗೆಗಳು ಕೆಳಗಾದವು.

ಅಲ್ಲಿಂದ ನನಗೆ ನಿದ್ದೆ ಸರಿಯಾಗಿ ಬಂದ ನೆನಪಿಲ್ಲ. ಬೆಳಗಾದರೆ ಹಳ್ಳಕ್ಕೆ ಓಡುತ್ತಿದ್ದೆ. ನನಗಿಂತ ಮೊದಲೇ ವೀರನಗೌಡ ಅಲ್ಲಿರುತ್ತಿದ್ದ. ಇಬ್ಬರೂ ಎದುರುಬದುರು ದಂಡೆಯಲ್ಲಿ ನಿಂತು ನೀರು ನೋಡಿ ಹೋಗುತ್ತಿದ್ದೆವು. ಸಂಕ್ರಾಂತಿಯ ದಿನ ಹಳ್ಳ ತೋಳಿನ ದಪ್ಪ ಹರಿಯುತ್ತಿತ್ತು. ಶಿವರಾತ್ರಿಗೆ ಬೆರಳಿನ ದಪ್ಪಕ್ಕೆ ಬಂತು, ನಿಲ್ಲಲಿಲ್ಲ. ಅದೇ ಸಣ್ಣ ಹರಿವು ಬಿಡದೆ ಬೀಳುತ್ತಿದ್ದುದರಿಂದ ಕೆರೆಯೂ ಹಿಂದಿನಂತೆ ಇಳಿಯಲಿಲ್ಲ. ಬೋಳು ಗುಡ್ಡದ ವರ್ಷ ತುಂಬಿ ಹರಿದ ಕೆರೆ ಯುಗಾದಿಗೆ ಮೊದಲೇ ಬಗ್ಗಡದ ಗುಂಡಿಯಾಗಿ, ಜನ ದನಗಳನ್ನು ಬೇರೆ ಊರಿಗೆ ಹೊಡೆದಿದ್ದರು. ಈ ವರ್ಷ ಅರ್ಧ ಕೆರೆಯಲ್ಲಿ ಯುಗಾದಿಯ ನಂತರವೂ ಎಮ್ಮೆಗಳು ಮಲಗಿದ್ದವು. ಊರ ಹತ್ತಿರದ ಹೊಲಗಳಿಗೆ ಎರಡನೆಯ ಬೆಳೆಗೆ ನೀರು ಸಿಕ್ಕಿತು.

ಯುಗಾದಿಯ ಮರುವಾರ ಚಾವಡಿಯಲ್ಲಿ ಸಭೆ ಸೇರಿತು. ಗುಡ್ಡ ಮುಚ್ಚಿಡುವುದೇ ಬಿಡುವುದೇ ಎಂದು ಊರೇ ತೀರ್ಮಾನಿಸಬೇಕಿತ್ತು. ಬಹಳ ಜನ ಮುಚ್ಚಿಡಲಿ ಎಂದರು. ಕೊನೆಗೆ ಎಲ್ಲರೂ ವೀರನಗೌಡನ ಕಡೆ ತಿರುಗಿದರು. ಅವನು ಗೋಡೆಗೆ ಒರಗಿ ನಿಂತಿದ್ದ.

"ಮುಚ್ಚರಿ," ಎಂದ. ಆಮೇಲೆ ನನ್ನ ಕಡೆ ನೋಡಿ, "ಊರಿಗೆ ನೀರಾತು. ನನ್ನ ಹೊಲಕ್ಕ ಬರೂದಿಲ್ಲ, ಇನ್ನ ಎಂದೂ ಬರೂದಿಲ್ಲ. ಎರಡೂ ಬರಿ," ಎಂದ.

ಹತ್ತು ವರ್ಷದ ನೌಕರಿಯಲ್ಲಿ ನಾನು ಕನ್ನಡದಲ್ಲಿ ಬರೆದ ಮೊದಲ ವರದಿ ಅದು. ಕಚೇರಿಯ ಭಾಷೆ ಬದಲಾಗಿತ್ತು, ನನಗಿನ್ನೂ ಸರಕಾರಿ ಕನ್ನಡ ರೂಢಿಯಾಗಿರಲಿಲ್ಲ. ಹೀಗಾಗಿ ಅವನು ಹೇಳಿದಂತೆಯೇ ಬರೆದೆ. ಗುಡ್ಡ ಹಸಿರಾದ ಮೇಲೆ ಬಾವಿ, ಹಳ್ಳಗಳಲ್ಲಿ ನೀರು ಬೇಸಿಗೆಯವರೆಗೆ ಉಳಿಯುತ್ತಿದೆ. ಕೆರೆ ತುಂಬುವುದಿಲ್ಲ, ಕೊನೆಯ ಹೊಲಗಳವರು ನೀರು ಕಳೆದುಕೊಂಡಿದ್ದಾರೆ. ಹೊಸ ಸಾಹೇಬರು ಎರಡನೆಯ ವಾಕ್ಯಕ್ಕೆ ಕೆಂಪು ಗೀಟು ಎಳೆದು, "ಇದು ಬೇಡ, ಒಳ್ಳೆಯ ಕೆಲಸಕ್ಕೆ ಕಲೆಯಾಗುತ್ತದೆ," ಎಂದರು. ನಾನು ಶುದ್ಧಪ್ರತಿಯಲ್ಲಿ ಮತ್ತೆ ಅದನ್ನು ಸೇರಿಸಿದೆ. ಅವರು ಮತ್ತೆ ಗೀಟು ಎಳೆದರು. ಮೂರನೆಯ ಸಲ ಸಾಹೇಬರು ಬೇಸತ್ತು ಸಹಿ ಹಾಕಿದರು.

ಆ ವಾಕ್ಯ ಎರಡು ವರ್ಷ ಕಡತದಲ್ಲಿ ಮಲಗಿತ್ತು. ಆಮೇಲೆ ಬಂದ ಇನ್ನೊಬ್ಬ ಅಧಿಕಾರಿ ಅದನ್ನು ಓದಿ ನನ್ನನ್ನು ಕರೆಸಿದರು. ವೀರನಗೌಡನ ಕಲ್ಲು ಹೊಲಕ್ಕೆ ಬದಲಾಗಿ ಗುಡ್ಡದ ಬುಡದ ಸರಕಾರಿ ಜಾಗದಲ್ಲಿ, ಬಾಳವ್ವನ ಹೊಲದಾಚೆ, ಒಂದು ತುಂಡು ನೆಲ ಮಂಜೂರಾಯಿತು. ಬಾವಿ ಎಲ್ಲಿ ತೋಡಬೇಕೆಂದು ನಾನೇ ಗುರುತು ಹಾಕಿದೆ. ಮೂರಾಳುದ್ದ ತೋಡಿದರು, ಬರೀ ಮೊರಂ ಮಣ್ಣು. ಐದಾಳುದ್ದ ಆಯಿತು, ಒಣಗಲ್ಲು. ಈ ಮನುಷ್ಯನಿಗೆ ಮೂರನೆಯ ಸಲವೂ ತಪ್ಪು ಮಾಡಿದೆನೇ ಎಂದು ಬಾವಿಯ ಬಾಯಿಯಲ್ಲಿ ಕೂತಿದ್ದೆ. ಆಳುಗಳು ಉಣ್ಣಲು ಮೇಲೆ ಬಂದಿದ್ದರು. ವೀರನಗೌಡ ಮಾತ್ರ ಕೆಳಗಿದ್ದ, ಹಾರೆಯ ಸಪ್ಪಳ ಬರುತ್ತಿತ್ತು.

ಸಪ್ಪಳ ನಿಂತಿತು. ಬಗ್ಗಿ ನೋಡಿದೆ, ಕತ್ತಲೆಯಲ್ಲಿ ಅವನ ತಲೆ ಮಾತ್ರ ಕಂಡಿತು. ಅಲುಗಾಡದೆ ನಿಂತಿದ್ದ.

"ಗೌಡ್ರ?" ಎಂದೆ.

"ಹಗ್ಗ ಬಿಡ್ರಿ ಮೇಸ್ತ್ರಿ," ಎಂದ ಕೆಳಗಿನಿಂದ. ಅಷ್ಟು ವರ್ಷಗಳಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. "ಕಾಲಿಗೆ ತಂಪ ಹತ್ತೇತಿ."